ಬೆಳಗಿನ ಎತ್ತರ, ಸಂಜೆಯ ಎತ್ತರ

ನನ್ನ ಎತ್ತರ ನಾಲ್ಕು ಅಡಿ ಎಂಟು ಇಂಚು. ಜನರ ಎತ್ತರ ಅಳೆಯುವ ಕೆಲಸದ ಸಂದರ್ಶನಕ್ಕೆಂದು ಮಣಿಪಾಲಕ್ಕೆ ಹೋದಾಗ, ಮೇಜಿನ ಆಚೆ ಕುಳಿತಿದ್ದವರಲ್ಲಿ ಒಬ್ಬರು ಮೂಲೆಯಲ್ಲಿ ನಿಲ್ಲಿಸಿದ್ದ ಅಳತೆಯ ಕಂಬವನ್ನೂ ನನ್ನನ್ನೂ ಒಮ್ಮೆ ನೋಡಿ, "ನಿಮಗೆ ಮೇಲಿನ ಅಂಕೆ ಕಾಣ್ತದಾ?" ಎಂದು ಕೇಳಿದರು.

"ಒಂದು ಸ್ಟೂಲು ಕೊಟ್ಟರೆ ಕಾಣ್ತದೆ ಸರ್" ಎಂದೆ.

ನಡುವೆ ಕುಳಿತಿದ್ದ ಪ್ರೊಫೆಸರ್ ಮೇಡಂ ಜೋರಾಗಿ ನಕ್ಕರು. ಕೆಲಸ ಸಿಕ್ಕಿತು, ಸ್ಟೂಲೂ ಸಿಕ್ಕಿತು. ಎರಡು ಸಾವಿರದ ಇಸವಿ ಬಂದು ಒಂದೆರಡು ವರ್ಷ ಕಳೆದಿದ್ದ ಕಾಲ ಅದು. ನನಗೆ ಮೂವತ್ತು ದಾಟಿತ್ತು.

ಮೇಡಂ ವೈದ್ಯರು, ಆದರೆ ಅವರ ಆಸಕ್ತಿ ಇತಿಹಾಸದಲ್ಲಿ. ನಮ್ಮ ಜಿಲ್ಲೆಯ ಸಾಮಾನ್ಯ ಜನ ಐವತ್ತು ಅರವತ್ತು ವರ್ಷಗಳ ಹಿಂದೆ ಹೇಗೆ ಬದುಕುತ್ತಿದ್ದರು ಎಂದು ತಿಳಿಯಬೇಕು ಎಂಬುದು ಅವರ ಹಂಬಲ. ಅದಕ್ಕೆ ಕಾಗದಪತ್ರ ಎಲ್ಲಿಯದು? ಕೂಲಿಯನ್ನು ಭತ್ತದಲ್ಲಿ ಕೊಟ್ಟವರು ಬರೆದಿಡಲಿಲ್ಲ, ಪಡೆದವರಿಗೆ ಬರೆಯಲು ಬರುತ್ತಿರಲಿಲ್ಲ. "ಆದರೆ ಎಲುಬು ಉಂಟಲ್ಲ" ಎನ್ನುತ್ತಿದ್ದರು ಮೇಡಂ. ಮಗು ಹೊಟ್ಟೆಯಲ್ಲಿದ್ದಾಗ ತಾಯಿ ಎಂತ ತಿಂದಳು, ಹುಟ್ಟಿದ ಮೇಲೆ ಮಗುವಿಗೆ ಎಂತ ಸಿಕ್ಕಿತು, ಎಷ್ಟು ಸಲ ಕಾಯಿಲೆ ಬಿದ್ದಿತು, ಎಷ್ಟು ಬೇಗ ಹೊರೆ ಹೊತ್ತಿತು, ಎಲ್ಲವೂ ಸೇರಿ ಎತ್ತರವಾಗುತ್ತದೆ. ಒಂದೊಂದು ದಶಕದಲ್ಲಿ ಹುಟ್ಟಿದ ಹೆಂಗಸರ ಸರಾಸರಿ ಎತ್ತರ ಹಿಡಿದರೆ ಆ ದಶಕದ ಅನ್ನದ ಪಾತ್ರೆಯೊಳಗೆ ಇಣುಕಿದ ಹಾಗೆ. ಕಾಪು ಕಡೆಯ ಇನ್ನಂಜೆ, ಕಾರ್ಕಳ ತಾಲೂಕಿನ ಬಜಗೋಳಿ, ಹೋಲಿಸಿ ನೋಡಲು ಮಣಿಪಾಲದಲ್ಲಿ ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದವರ ಶೆಡ್ಡುಗಳು, ಈ ಮೂರು ಕಡೆ ಅಳೆಯುವುದೆಂದು ನಿಶ್ಚಯವಾಗಿತ್ತು.

ಅಳೆಯುವುದು ಸುಲಭ ಎಂದು ನಾನು ಎಣಿಸಿದ್ದೆ. ಮೇಡಂ ತರಬೇತಿಯಲ್ಲಿ ಆ ಎಣಿಕೆಯನ್ನು ಬಿಡಿಸಿದರು. ಮೊದಲು ನೆಲ ಸಮ ಇದೆಯೇ ಎಂದು ನೀರುಮಟ್ಟ ಇಟ್ಟು ನೋಡಬೇಕು. ನಿಲ್ಲುವವರು ಬರಿಗಾಲಲ್ಲಿರಬೇಕು. ಹಿಮ್ಮಡಿ, ಸೊಂಟದ ಹಿಂಭಾಗ, ಬೆನ್ನಿನ ಮೇಲ್ಭಾಗ, ತಲೆಯ ಹಿಂಬದಿ ಕಂಬಕ್ಕೆ ತಾಗಬೇಕು. ಕಿವಿಯ ರಂಧ್ರ ಮತ್ತು ಕಣ್ಣಿನ ಕೆಳಗಿನ ಎಲುಬು ಒಂದೇ ಮಟ್ಟದಲ್ಲಿರಬೇಕು. ಗದ್ದ ಎತ್ತಿದರೂ ಹಾಳು, ತಗ್ಗಿಸಿದರೂ ಹಾಳು. ಕೂದಲನ್ನು ಸೂಡಿ ಕಟ್ಟಿದ್ದರೆ ಬಿಚ್ಚಿಸಬೇಕು, ಮಲ್ಲಿಗೆ ಮುಡಿದಿದ್ದರೆ ಪಕ್ಕಕ್ಕೆ ಸರಿಸಬೇಕು. ಉಸಿರು ಒಳಗೆ ಎಳೆಯಲು ಹೇಳಿ, ತಲೆಯ ಮೇಲಿನ ಹಲಗೆಯನ್ನು ಕೂದಲು ಅಮರುವಷ್ಟು ಇಳಿಸಿ, ಕಣ್ಣನ್ನು ಅಂಕೆಯ ಸಮಕ್ಕೆ ತಂದು ಓದಬೇಕು. ನನ್ನ ಸ್ಟೂಲಿನ ಉಪಯೋಗ ಅಲ್ಲಿ. ಅವರನ್ನು ಕೆಳಗಿಳಿಸಿ, ಮತ್ತೆ ನಿಲ್ಲಿಸಿ, ಎರಡನೆಯ ಸಲ ಓದಬೇಕು. ಎರಡೂ ಹೊಂದದಿದ್ದರೆ ಮೂರನೆಯ ಸಲ.

ಇನ್ನಂಜೆಯಲ್ಲಿ ಎಲ್ಲ ಸಲೀಸಾಗಿ ನಡೆಯಿತು. ಹೆಂಗಸರು ಬೆಳಕು ಹರಿಯುವಾಗಲೇ ಹಾಲು ಹಿಡಿದು ಡೈರಿಗೆ ಬರುತ್ತಿದ್ದರು. ಡೈರಿಯ ಜಗಲಿಯಲ್ಲೇ ನಾವು ಕಂಬ ನಿಲ್ಲಿಸಿದೆವು. ಹಾಲಿನ ಅಳತೆ ಮುಗಿಸಿದವರು ತಾವೂ ಅಳತೆಗೆ ನಿಂತರು. ಅಳೆಯುವವಳು ತಮಗಿಂತ ಗಿಡ್ಡ ಎಂಬುದರಿಂದ ಅವರ ಸಂಕೋಚ ಅರ್ಧ ಇಳಿಯುತ್ತಿತ್ತು. ಪುಸ್ತಕ ಹಿಡಿದು ಬಂದ ನನ್ನನ್ನು ಎಲ್ಲರೂ ಟೀಚರೆಂದೇ ಕರೆದರು. "ಈ ಟೀಚರನ್ನು ಯಾರು ಅಳೀತಾರೆ ಮಾರಾಯ್ತಿ?" ಎಂದು ಒಬ್ಬಾಕೆ ಕೇಳಿದಾಗ ಜಗಲಿಗೆ ಜಗಲಿಯೇ ನಕ್ಕಿತು. ನಾನೂ ನಕ್ಕೆ. ಮದುವೆಯ ಮಾತುಕತೆ ಮುರಿದಾಗೆಲ್ಲ ಕೇಳಿದ್ದ 'ಗಿಡ್ಡ' ಎಂಬ ಮಾತು ಆ ಜಗಲಿಯಲ್ಲಿ ಮೊದಲ ಬಾರಿಗೆ ನೋಯಿಸಲಿಲ್ಲ.

ಬಜಗೋಳಿಯಲ್ಲಿ ಸಂಜೆ ಅಳೆಯಬೇಕಾಯಿತು. ಅಲ್ಲಿಯ ಹೆಂಗಸರು ಬೆಳಗಿನಿಂದ ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು ಬೀಡಿ ಕಟ್ಟಿ, ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಲು ಬರುತ್ತಿದ್ದರು. ಒಟ್ಟಿಗೆ ಸಿಗುವುದು ಆಗ ಮಾತ್ರ. ಬ್ರಾಂಚಿನ ಹತ್ತಿರದ ಭಜನಾ ಮಂದಿರದ ಅಂಗಳದಲ್ಲಿ ಕಂಬ ನಿಲ್ಲಿಸಿದೆವು. ಒಂದು ದಿನ, ಸೊಂಟದಿಂದ ಮೇಲೆ ಪೂರ್ತಿ ಬಾಗಿದ್ದ ಒಬ್ಬರು ಅಜ್ಜಿ ಕೋಲೂರಿಕೊಂಡು ಬಂದು ಸಾಲಿನಲ್ಲಿ ನಿಂತರು. ಅವರ ಸರದಿ ಬಂದಾಗ ನಾನು ಮೆಲ್ಲನೆ ಅವರನ್ನು ಬೆಂಚಿನ ಮೇಲೆ ಕೂರಿಸಿ ಹಿಂದಿನವರನ್ನು ಕರೆದೆ.

"ನನ್ನನ್ನು ಯಾಕೆ ಬಿಟ್ಟದ್ದು ಟೀಚರೇ?" ಎಂದರು ಅಜ್ಜಿ.

"ನಿಮ್ಮ ಬೆನ್ನು ಬಾಗಿದೆಯಲ್ಲ ಅಜ್ಜಿ. ಅಳೆದರೆ ಸರಿ ಸಿಗುವುದಿಲ್ಲ."

"ಬಾಗಿದ್ದು ಈಗ. ಗದ್ದೆಯಲ್ಲಿ ನೇಜಿ ನೆಟ್ಟು ನೆಟ್ಟು ಬಾಗಿದ್ದು ಹಾಗೆಯೇ ಉಳಿಯಿತು. ಮೊದಲು ನಾನೂ ನೆಟ್ಟಗೆ ಇದ್ದೆ."

ಮೇಡಂ ದೂರದಿಂದಲೇ ಇದನ್ನು ಕೇಳಿಸಿಕೊಂಡರು. ಹಿಂದಿರುಗುವಾಗ ಬಸ್ಸು ಕಾರ್ಕಳ ದಾಟಿದ ಮೇಲೆ, "ಅವರು ಹೇಳಿದ್ದು ಸರಿ. ಹಳೆಯ ಕಾಲ ಬೇಕೆಂದು ಹೊರಟು ಹಳೆಯ ಕಾಲದವರನ್ನೇ ಬಿಡುತ್ತಿದ್ದೇವೆ" ಎಂದರು.

ವಯಸ್ಸಾದಂತೆ ಬೆನ್ನು ಕುಗ್ಗುತ್ತದೆ, ಆದರೆ ಮೊಣಕಾಲಿನ ಕೆಳಗಿನ ಎಲುಬು ಕುಗ್ಗುವುದಿಲ್ಲ. ಮೇಡಂ ಚಿತ್ರ ಬರೆದುಕೊಟ್ಟರು. ಕಡಿಯಾಳಿಯಲ್ಲಿ ನಮ್ಮ ಮನೆಯ ಹಿಂದಿನ ಬಡಗಿಯವರು ಅದರಂತೆ ಒಂದು ಸಾಧನ ಮಾಡಿದರು. ಕೆಳಗೆ ಹಿಮ್ಮಡಿ ಇಡುವ ಹಲಗೆ, ಪಕ್ಕದಲ್ಲಿ ಅಂಕೆಯ ಪಟ್ಟಿ, ಮೇಲೆ ಜಾರುವ ಇನ್ನೊಂದು ಹಲಗೆ. ಕುರ್ಚಿಯಲ್ಲಿ ಕೂರಿಸಿ, ಕಾಲು ಸರಿಯಾಗಿ ಮಡಿಸಿ, ಹಿಮ್ಮಡಿಯಿಂದ ಮಂಡಿಯ ಮೇಲಿನವರೆಗೆ ಅಳೆಯುವುದು. ನೆಟ್ಟಗೆ ನಿಲ್ಲಬಲ್ಲ ಪ್ರಾಯದವರಲ್ಲಿ ಮಂಡಿಯ ಅಳತೆಗೂ ಎತ್ತರಕ್ಕೂ ಇರುವ ಸಂಬಂಧವನ್ನು ಮೊದಲು ಕಂಡುಹಿಡಿದರೆ, ಬಾಗಿದವರ ಮಂಡಿಯಿಂದ ಅವರ ಹಿಂದಿನ ಎತ್ತರವನ್ನು ಲೆಕ್ಕ ಹಾಕಬಹುದು.

ಕೈ ಪಳಗಲೆಂದು ನಾನು ಮೊದಲು ಅಮ್ಮನನ್ನು ಕೂರಿಸಿದೆ. ಅಮ್ಮ ಕಾಲು ಹಿಂದಕ್ಕೆ ಎಳೆದುಕೊಂಡರು. ಬಹಳ ಒತ್ತಾಯಿಸಿದ ಮೇಲೆ ಕೊಟ್ಟರು. ಆಮೇಲೆ ತಂಗಿಯನ್ನೂ ನನ್ನನ್ನೂ ಅಳೆದು ನೋಡಿದರೆ ಅಮ್ಮನ ಮಂಡಿ ನನ್ನದಕ್ಕಿಂತ ಉದ್ದ; ತಂಗಿಯದು ನಮ್ಮಿಬ್ಬರಿಗಿಂತಲೂ ಉದ್ದ. ಅಮ್ಮ ಅಂಕೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

"ನೀನು ಹುಟ್ಟುವಾಗ ಗದ್ದೆ ಗೇಣಿಯದ್ದು ಮಗಾ. ಬೆಳೆದ ಅಕ್ಕಿಯನ್ನು ಮುಡಿ ಕಟ್ಟಿ ಧಣಿಗಳ ಅಂಗಳಕ್ಕೆ ಹಾಕಿ ಬಂದ ಮೇಲೆ ಉಳಿಯುವುದು ಎಷ್ಟು? ನಿನ್ನನ್ನು ಬುಟ್ಟಿಯಲ್ಲಿ ಹಾಕಿ ಗದ್ದೆಯ ಬದಿಯಲ್ಲಿ ಇಡುತ್ತಿದ್ದೆ. ನನ್ನ ಮೈಯಲ್ಲಿ ಹಾಲೂ ಇರಲಿಲ್ಲ. ಗಂಜಿಯ ತಿಳಿ ಕುಡಿಸಿದ್ದೇ ಹೆಚ್ಚು. ನಿನ್ನ ತಂಗಿ ಹುಟ್ಟುವಾಗ ಉಳುವವನಿಗೇ ಭೂಮಿ ಎಂಬ ಕಾನೂನು ಬಂದು, ಡಿಕ್ಲರೇಷನ್ ಆಗಿ ಗದ್ದೆ ನಮ್ಮದಾಗಿತ್ತು." ಮತ್ತೆ ಸೇರಿಸಿದರು: "ನಿನ್ನನ್ನು ನೋಡಲು ಬಂದವರು ಗಿಡ್ಡ ಅಂತ ಹೇಳಿ ಹೋದಾಗೆಲ್ಲ ನನಗೆ ಅದೇ ಬುಟ್ಟಿ ಕಣ್ಣಿಗೆ ಬರುತ್ತಿತ್ತು."

ಅಮ್ಮ ಇಷ್ಟು ವರ್ಷ ಇದನ್ನು ಒಬ್ಬರೇ ಹೊತ್ತುಕೊಂಡಿದ್ದರು ಎಂದು ನನಗೆ ಗೊತ್ತಿರಲಿಲ್ಲ. ಅವರ ಕಾಲನ್ನು ಸಾಧನದಿಂದ ಬಿಡಿಸಿ ನನ್ನ ಮಡಿಲಿಗೆ ತೆಗೆದುಕೊಂಡು ಒತ್ತುತ್ತಾ ಕುಳಿತೆ. "ಬದುಕಿಸಿದಿರಲ್ಲ ಅಮ್ಮ" ಎಂದೆ.

ಮರುದಿನ ಉತ್ಸಾಹದಿಂದ ಮೇಡಂ ಹತ್ತಿರ ಇದನ್ನು ಹೇಳಿದೆ. ಅವರು ಪ್ರೀತಿಯಿಂದಲೇ ಕೇಳಿದರು. ಆಮೇಲೆ, "ಆದರೆ ಒಬ್ಬರ ಬಗ್ಗೆ ಹಾಗೆ ಹೇಳಲಿಕ್ಕೆ ಆಗುವುದಿಲ್ಲ. ನೀವು ಹೇಗಿದ್ದರೂ ಗಿಡ್ಡವೇ ಆಗುತ್ತಿದ್ದಿರೋ ಏನೋ. ಸಾವಿರ ಜನರ ಸರಾಸರಿ ಮಾತಾಡುತ್ತದೆ, ಒಬ್ಬರ ಎಲುಬು ಮಾತಾಡುವುದಿಲ್ಲ" ಎಂದರು. ನನಗೆ ಬೇಸರವಾಯಿತು. ಅವರು ಹೇಳಿದ್ದು ಸತ್ಯ ಎಂದೂ ಗೊತ್ತಿತ್ತು.

ಹೊಸ ಸಾಧನ ಹಿಡಿದು ಬಜಗೋಳಿಗೆ ಹೋಗಿ ನೆಟ್ಟಗೆ ನಿಲ್ಲುವವರ ಮಂಡಿಯನ್ನೂ ಅಜ್ಜಿಯ ಮಂಡಿಯನ್ನೂ ಅಳೆದೆವು. ಅಜ್ಜಿ ಕುರ್ಚಿಯಲ್ಲಿ ಕುಳಿತೇ ಕೇಳಿದರು: "ನಾನು ಮೊದಲು ಎಷ್ಟು ಉದ್ದ ಇದ್ದೆ ಅಂತ ಇದರಲ್ಲಿ ಸಿಗ್ತದಾ?"

"ಸಿಗ್ತದೆ ಅಜ್ಜಿ, ಅಂದಾಜಿಗೆ. ಸ್ವಲ್ಪ ಸಮಯ ಬೇಕು" ಎಂದರು ಮೇಡಂ.

"ಬೇಗ ಮಾಡಿ ಡಾಕ್ಟ್ರಮ್ಮ. ನನ್ನ ಹತ್ತಿರ ಸಮಯ ಹೆಚ್ಚು ಇಲ್ಲ."

ಮಣಿಪಾಲದ ಶೆಡ್ಡುಗಳಲ್ಲಿಯೂ ಸಂಜೆಯೇ ಅಳೆದೆವು. ಬೆಳಿಗ್ಗೆ ಅವರು ಕೆಲಸಕ್ಕೆ ಹೋಗುವ ಅವಸರದಲ್ಲಿರುತ್ತಿದ್ದರು. ನಮ್ಮ ಅಳತೆ ನಂಬಲು ಯೋಗ್ಯವೇ ಎಂದು ಪರೀಕ್ಷಿಸಲು ಆಗೊಮ್ಮೆ ಈಗೊಮ್ಮೆ ಅದೇ ಜನರನ್ನು ಮತ್ತೆ ಅಳೆಯುವ ಕ್ರಮವಿತ್ತು. ಹಾಗೆ ಒಂದು ಭಾನುವಾರ ಬೆಳಿಗ್ಗೆ ಶೆಡ್ಡಿಗೆ ಹೋದೆವು. ಬಾಗಲಕೋಟೆ ಕಡೆಯ ಒಬ್ಬಾಕೆಯನ್ನು ಹಿಂದಿನ ಸಂಜೆಯಷ್ಟೇ ಅಳೆದಿದ್ದೆ. ಈಗ ನಿಲ್ಲಿಸಿ ನೋಡಿದರೆ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಎತ್ತರ. ಮತ್ತೊಮ್ಮೆ ನಿಲ್ಲಿಸಿದೆ. ಅದೇ ಬಂತು. ನೀರುಮಟ್ಟ ಇಟ್ಟು ನೆಲ ನೋಡಿದೆ. ನೆಲ ಸಮವಾಗಿಯೇ ಇತ್ತು.

"ಯಾಕ್ರಿ ಅಕ್ಕಾರ, ಏನಾತು?" ಎಂದಳು ಆಕೆ.

"ನೀವು ನಿನ್ನೆಗಿಂತ ಉದ್ದ ಇದ್ದೀರಿ."

ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಮಲಕೊಂಡು ಏಳೋದ್ರೊಳಗ ಬೆಳದ್ನೇನ್ರಿ? ಹಂಗಿದ್ರ ದಿನಾ ಮಲಕೋತಿದ್ದೆ, ನನ್ನನ್ಯಾಕ ಜಲ್ಲಿ ಹೊರಾಕ ಹಚ್ಚತಿದ್ರು?"

ಮೇಡಂ ನಗಲಿಲ್ಲ. ಆ ಬೆಳಿಗ್ಗೆ ಉಳಿದವರನ್ನೂ ಅಳೆಯಿಸಿದರು. ಎಲ್ಲರೂ ಸಂಜೆಗಿಂತ ಉದ್ದ. ತಲೆಯ ಮೇಲೆ ಹೊರೆ ಹೊರುವವರಲ್ಲಿ ವ್ಯತ್ಯಾಸ ಹೆಚ್ಚು, ಅಡುಗೆಗೆಂದು ಶೆಡ್ಡಿನಲ್ಲೇ ಉಳಿಯುವವರಲ್ಲಿ ಕಡಿಮೆ. ದಿನವಿಡೀ ದುಡಿಯುವಾಗ ಬೆನ್ನೆಲುಬಿನ ನಡುವಿನ ಮೆತ್ತೆಗಳು ಒತ್ತಿಹೋಗುತ್ತವೆ, ಮಲಗಿದಾಗ ಮತ್ತೆ ಉಬ್ಬುತ್ತವೆ. "ಓದಿ ಗೊತ್ತಿತ್ತು. ಇಷ್ಟು ಆಗ್ತದೆ ಅಂತ ಎಣಿಸಿರಲಿಲ್ಲ" ಎಂದರು ಮೇಡಂ. ಅವರ ಮುಖ ಬಾಡಿತ್ತು. ಇನ್ನಂಜೆಯ ಹೆಂಗಸರನ್ನು ಅಳೆದದ್ದು ಬೆಳಿಗ್ಗೆ. ಬಜಗೋಳಿ ಮತ್ತು ಶೆಡ್ಡಿನವರನ್ನು ಸಂಜೆ. ಊರಿಗೂ ಊರಿಗೂ ಇರುವ ವ್ಯತ್ಯಾಸ ಎಂದು ನಾವು ಬರೆಯಲು ಹೊರಟಿದ್ದರಲ್ಲಿ ಎಷ್ಟು ಪಾಲು ಬರೇ ಹೊತ್ತಿನ ವ್ಯತ್ಯಾಸವೋ ದೇವರೇ ಬಲ್ಲ. ಮಂಡಿಯ ಲೆಕ್ಕವೂ ಸಂಜೆಯ ಎತ್ತರದ ಮೇಲೆಯೇ ನಿಂತಿತ್ತು.

ವಿಭಾಗದಲ್ಲಿ ಸಭೆ ನಡೆಯಿತು. ಸಂದರ್ಶನದಲ್ಲಿ ನನಗೆ ಮೇಲಿನ ಅಂಕೆ ಕಾಣ್ತದಾ ಎಂದು ಕೇಳಿದ್ದವರು ನಮ್ಮ ಸಂಖ್ಯಾಶಾಸ್ತ್ರದ ಮೇಷ್ಟ್ರು. ಅವರು ಸಮಾಧಾನದಿಂದ ಒಂದು ದಾರಿ ಹೇಳಿದರು: ಕೆಲವರನ್ನು ಮಾತ್ರ ಎರಡೂ ಹೊತ್ತು ಅಳೆಯುವುದು, ಸರಾಸರಿ ವ್ಯತ್ಯಾಸ ತೆಗೆಯುವುದು, ಅದನ್ನು ಎಲ್ಲ ಸಂಜೆಯ ಅಂಕೆಗಳಿಗೆ ಕೂಡಿಸುವುದು. ತಪ್ಪು ದಾರಿಯೇನಲ್ಲ. ಮಳೆಗಾಲ ಹತ್ತಿರ ಬರುತ್ತಿತ್ತು, ಮಳೆಗೆ ಮೊದಲು ಶೆಡ್ಡಿನವರು ಊರಿಗೆ ಹೋಗುತ್ತಿದ್ದರು. ಸಮಯ ಇರಲಿಲ್ಲ.

ಮೇಡಂ ನನ್ನ ಕಡೆ ತಿರುಗಿ, "ನಿಮಗೆ ಹೇಗೆ ಕಾಣ್ತದೆ?" ಎಂದು ಕೇಳಿದರು. ಅಂಥ ಸಭೆಯಲ್ಲಿ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

"ಜಲ್ಲಿ ಹೊತ್ತವರು ಕುಗ್ಗಿದಷ್ಟು ಬೀಡಿ ಕಟ್ಟುವವರು ಕುಗ್ಗುವುದಿಲ್ಲ ಮೇಡಂ. ಎಲ್ಲರಿಗೂ ಒಂದೇ ಅಂಕೆ ಕೂಡಿಸಿದರೆ ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಹೆಚ್ಚು. ನಾನು ಮತ್ತೆ ಹೋಗಿ ಕೇಳುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಅಳೆಯುವ."

ಮೇಡಂ ಅಂಕೆಗಳ ಹಾಳೆಯನ್ನು ಹತ್ತಿರ ಎಳೆದುಕೊಂಡರು. ನಾವು ಹುಡುಕುತ್ತಿದ್ದ, ಒಂದು ತಲೆಮಾರಿಗೂ ಇನ್ನೊಂದಕ್ಕೂ ನಡುವಿನ ವ್ಯತ್ಯಾಸವೇ ಒಂದೆರಡು ಸೆಂಟಿಮೀಟರ್ ಇರಬಹುದಾದದ್ದು; ಹೊತ್ತಿನಿಂದ ಆದ ತಪ್ಪೂ ಹೆಚ್ಚುಕಡಿಮೆ ಅಷ್ಟೇ. "ಸಂಜೆಯದ್ದೆಲ್ಲ ಬಿಟ್ಟುಬಿಡುವ. ಹೊಸತಾಗಿ ಅಳೆಯುವ" ಎಂದರು. ಮೇಷ್ಟ್ರು ವಾದ ಮಾಡಲಿಲ್ಲ. ಮರುವಾರ ಅವರೇ ಶೆಡ್ಡಿನವರ ಮೇಸ್ತ್ರಿಯೊಡನೆ ಮಾತಾಡಿ, ಕೆಲಸ ಸ್ವಲ್ಪ ತಡವಾಗಿ ಶುರುವಾಗುವಂತೆ ಒಪ್ಪಿಸಿದರು. ಅವರ ಆ ಉಪಕಾರ ದೊಡ್ಡದು. ಶೆಡ್ಡಿನ ಮುಂದೆ ಸಾಲು ನಿಂತಾಗ ಬಾಗಲಕೋಟೆಯಾಕೆ, "ಎಲ್ಲಾರೂ ಚಲೋ ನಿದ್ದಿ ಮಾಡ್ರಿ, ನಾಳೆ ಮೇಡಮ್ಮಾರು ಅಳೀತಾರ" ಎಂದು ತಾನು ಹಿಂದಿನ ರಾತ್ರಿ ಸಾರಿಕೊಂಡು ಬಂದದ್ದಾಗಿ ಹೇಳಿದಳು.

ಬಜಗೋಳಿ ಕಷ್ಟವಾಯಿತು. ಬ್ರಾಂಚಿನ ಮುಂದೆ ವಿಷಯ ಹೇಳಿದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಒಮ್ಮೆ ಅಳೆದಾಯಿತಲ್ಲ, ಮತ್ತೆ ಎಂತಕ್ಕೆ?" ಎಂದಳು ಒಬ್ಬಳು. ಇನ್ನೊಬ್ಬಳು ನೇರವಾಗಿಯೇ, "ಬೆಳಿಗ್ಗೆ ನಮಗೆ ಪುರುಸೊತ್ತು ಉಂಟಾ ಟೀಚರೇ? ಮಕ್ಕಳನ್ನು ಶಾಲೆಗೆ ಕಳಿಸಬೇಕು, ದನ ನೋಡಬೇಕು. ನಿಮ್ಮ ತಪ್ಪಿಗೆ ನಾವು ಯಾಕೆ ಬರುವುದು?" ಎಂದಳು.

ಮೇಡಂ ಮುಂದೆ ಬಂದರು. "ತಪ್ಪು ನಮ್ಮದೇ. ಹೊತ್ತು ನೋಡದೆ ಅಳೆದದ್ದು ನಾನು ಹಾಕಿದ ಕ್ರಮ. ಬರಲೇಬೇಕು ಅಂತ ಹೇಳುವುದಿಲ್ಲ. ಬಂದರೆ ಉಪಕಾರ" ಎಂದರು. ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿ ಎತ್ತಿಕೊಂಡು ಹೊರಟರು.

ಅಜ್ಜಿ ಬೆಂಚಿನ ಮೇಲೆ ಕುಳಿತು ಎಲ್ಲ ಕೇಳುತ್ತಿದ್ದರು. "ಹಾಗಾದರೆ ನನ್ನ ಲೆಕ್ಕ?" ಎಂದು ಕೇಳಿದರು.

ನಾನು ಅವರ ಪಕ್ಕದಲ್ಲಿ ಕುಳಿತೆ. "ಇವರ ಎತ್ತರ ಸರಿ ಸಿಕ್ಕಿದರೆ ಮಾತ್ರ ನಿಮ್ಮದು ಸಿಗುವುದು ಅಜ್ಜಿ. ಇವರ ಮಂಡಿಗೂ ಎತ್ತರಕ್ಕೂ ಇರುವ ಸಂಬಂಧ ನೋಡಿಯೇ ನಿಮ್ಮದನ್ನು ಹಾಕಬೇಕು."

ಅಜ್ಜಿ ಎದ್ದು ಕೋಲು ಊರಿದರು. ಹೋಗುತ್ತಿದ್ದವರ ಕಡೆಗೆ ತಿರುಗಿ ತುಳುವಿನಲ್ಲಿ ಕೂಗಿ ಏನೇನೋ ಹೇಳಿದರು. ಬೈದರೋ ಬೇಡಿಕೊಂಡರೋ, ಎರಡೂ ಇತ್ತು. 'ನಿಮ್ಮ ಹೆರಿಗೆಗೆ ನಾನು ಬಂದಾಗ ಹೊತ್ತು ನೋಡಿದ್ದೆನಾ?' ಎಂದು ಕೇಳಿದ್ದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ನಮ್ಮ ಕಡೆ ತಿರುಗಿ, "ಉಡುಪಿಯಿಂದ ಬಸ್ಸು ಹಿಡಿದು ಬೆಳಕಾಗುವಾಗ ನೀವು ಇಲ್ಲಿಗೆ ಮುಟ್ಟಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಉಳಿಯಿರಿ. ಚಾಪೆ ಉಂಟು" ಎಂದರು.

ಆ ವಾರ ಮೇಡಂ ಮತ್ತು ನಾನು ಅಜ್ಜಿಯ ಮನೆಯ ಚಾವಡಿಯಲ್ಲೇ ಮಲಗಿದೆವು. ಮೊದಲ ಬೆಳಿಗ್ಗೆ ಭಜನಾ ಮಂದಿರದ ಅಂಗಳದಲ್ಲಿ ಕಂಬ ನಿಲ್ಲಿಸಿ, ಯಾರೂ ಬರಲಿಕ್ಕಿಲ್ಲ ಎಂಬ ಹೆದರಿಕೆಯಲ್ಲಿ ನಿಂತಿದ್ದೆ. ಮೊದಲು ಬಂದವಳು, 'ನಿಮ್ಮ ತಪ್ಪಿಗೆ ನಾವು ಯಾಕೆ ಬರುವುದು?' ಎಂದಿದ್ದವಳೇ. ಮುಖ ಬಿಗಿದುಕೊಂಡೇ ಚಪ್ಪಲಿ ಕಳಚಿ ನಿಂತಳು. ಅವಳ ಹಿಂದೆ ಇನ್ನಿಬ್ಬರು. ಮಿಂದು ಒದ್ದೆ ಕೂದಲಿಗೆ ಬೈರಾಸು ಸುತ್ತಿಕೊಂಡು ಬಂದವರು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಂದವರು, ಹಟ್ಟಿಯಿಂದ ನೇರ ಬಂದು ಸೆಗಣಿಯ ಕೈಯನ್ನು ದೂರ ಹಿಡಿದು ನಿಂತವರು. ನಾನು ಮಕ್ಕಳನ್ನು ಎತ್ತಿಕೊಂಡೆ, ಮೇಡಂ ಅಳೆದರು. ಮೇಡಂ ಎತ್ತಿಕೊಂಡರು, ನಾನು ಅಳೆದೆ. ಬಿಸಿಲು ಅಂಗಳಕ್ಕೆ ಇಳಿಯುವ ಮೊದಲು ಮುಗಿಸುತ್ತಿದ್ದೆವು. ಬಾರದೆ ಉಳಿದವರು ಕೆಲವರೇ. ನಮ್ಮಿಂದ ಅವರಿಗೆ ಸಿಗುವಂಥದ್ದು ಏನೂ ಇರಲಿಲ್ಲ. ಆ ಬೆಳಗುಗಳನ್ನು ನೆನೆಸಿದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಲೆಕ್ಕ ಮುಗಿಯುವಾಗ ಮಳೆಗಾಲ ಕಳೆದಿತ್ತು. ನಮ್ಮ ಮೂರೂ ಕಡೆಯ ಅಂಕೆಗಳಲ್ಲಿ ಊರಿಗೂ ಊರಿಗೂ ನಡುವೆ ಕಾಣಿಸಿದ್ದ ಅಂತರ ಅರ್ಧಕ್ಕರ್ಧ ಇಳಿದಿತ್ತು. ಆದರೆ ಹುಟ್ಟಿದ ದಶಕಗಳ ಗೆರೆ ಮೊದಲಿಗಿಂತ ಸ್ಪಷ್ಟವಾಗಿ ಏರಿತ್ತು. ಹಳಬರು ಗಿಡ್ಡ, ಗದ್ದೆ ಕೈಗೆ ಬಂದ ಮೇಲೆ, ಶಾಲೆ, ಲಸಿಕೆ ಬಂದ ಮೇಲೆ ಹುಟ್ಟಿದವರು ಒಂದಿಷ್ಟು ಉದ್ದ. ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲು ನಮ್ಮಿಂದಾಗಲಿಲ್ಲ, ಮೇಡಂ ಹಾಗೆಯೇ ಬರೆದರು. ಬರೆದು ಕಳಿಸುವ ಮೊದಲು, "ಅಳತೆ ಕೊಟ್ಟವರಿಗೆ ಮೊದಲು ಹೇಳಿ ಬರುವ" ಎಂದರು.

ಬಜಗೋಳಿಯಲ್ಲಿ ಅಜ್ಜಿ ಚಾವಡಿಯಲ್ಲಿ ಕುಳಿತಿದ್ದರು. ಅವರ ಮಗಳು ಬೀಡಿ ಕಟ್ಟುತ್ತಿದ್ದಳು, ಮೊಮ್ಮಗಳು ಕಾಲೇಜಿನಿಂದ ಬಂದು ಬಟ್ಟೆ ಬದಲಿಸಿದ್ದಳಷ್ಟೆ. ಮೇಡಂ ಟೇಪು ತೆಗೆದು ಚಾವಡಿಯ ಕಂಬದಲ್ಲಿ ಎತ್ತರ ಹಿಡಿದು, ಅಲ್ಲಿ ಬೆರಳಿಟ್ಟರು. "ಇಷ್ಟಿದ್ದಿರಿ ಅಜ್ಜಿ. ಒಂದಿಂಚು ಆಚೀಚೆ ಇರಬಹುದು."

ಅಜ್ಜಿ ಕತ್ತನ್ನು ಕಷ್ಟದಿಂದ ಓರೆಯಾಗಿ ಮೇಲೆತ್ತಿ ಆ ಬೆರಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮಗಳನ್ನು ಕರೆದು ಕಂಬದ ಹತ್ತಿರ ನಿಲ್ಲಿಸಿದರು. ಮಗಳ ತಲೆ ಬೆರಳಿಗಿಂತ ಮೇಲಿತ್ತು. ಮೊಮ್ಮಗಳು ತಾನಾಗಿಯೇ ಬಂದು ತಾಯಿಯ ಪಕ್ಕ ನಿಂತಳು. ಅವಳು ಇನ್ನೂ ಮೇಲೆ.

"ನಾವು ತಿಳಿ ಕುಡಿದು ಅನ್ನದ ಅಗುಳನ್ನು ಇವಳಿಗೆ ಬಿಡುತ್ತಿದ್ದೆವು" ಎಂದರು ಅಜ್ಜಿ ಮಗಳನ್ನು ತೋರಿಸಿ. "ಅದು ಎಲ್ಲಿಗೆ ಹೋಯಿತು ಅಂತ ಈಗ ಕಂಡಿತಲ್ಲ ಡಾಕ್ಟ್ರಮ್ಮ?"

ಮೇಡಂ ಬಾಯಿ ತೆರೆದರು. ಒಬ್ಬರ ಬಗ್ಗೆ ಹಾಗೆ ಹೇಳಲಿಕ್ಕೆ ಆಗುವುದಿಲ್ಲ ಎನ್ನುತ್ತಾರೆ ಎಂದು ನಾನು ಕಾದೆ. ಕಂಬದ ಮೇಲಿನ ಬೆರಳನ್ನು ತೆಗೆಯದೆಯೇ ಅವರು, "ಹೌದು ಅಜ್ಜಿ, ಕಂಡಿತು" ಎಂದರು.